ಕೊಸರು

ಚಿಂಚೋಳಿಗೆ ವರ್ಷಕ್ಕೊಮ್ಮೆ ಬರುತ್ತೇನೆ,
ತಕ್ಕಡಿಗಳ ಸುಳ್ಳು ಹಿಡಿಯಲು.
ಚೀಲದಲ್ಲಿ ಹಿತ್ತಾಳೆಯ ತೂಕದ ಕಲ್ಲು,
ಸೀಸದ ಗುಂಡು, ಸುತ್ತಿಗೆ, ಈ ವರ್ಷದ ಅಕ್ಷರ ಕೊರೆದ ಮೊಹರು.
ಬಸ್ ಸ್ಟ್ಯಾಂಡಿನ ಹೋಟೆಲಿನವ ನನ್ನ ಮುಖ ಕಂಡರೆ ಸಾಕು,
ದಾಲ್ ಮಿಲ್ಲುಗಳಿಗೆ ಫೋನು ಹೋಗುತ್ತದೆ.
ಸುಸ್ಲಾದ ತಟ್ಟೆ ಖಾಲಿಯಾಗುವಷ್ಟರಲ್ಲಿ
ಊರಿನ ಅಂಗಡಿ ಕಲ್ಲುಗಳೆಲ್ಲ ಮೈ ತೊಳೆದು
ಪ್ರಾರ್ಥನೆಗೆ ನಿಂತ ಶಾಲೆಮಕ್ಕಳಂತೆ
ಸಾಲು ಹಿಡಿದಿರುತ್ತವೆ.

ವೈಜನಾಥಪ್ಪನ ಮಿಲ್ಲಿನಲ್ಲಿ ಬೇಳೆಯ ಧೂಳು
ಹುಬ್ಬಿನ ಮೇಲೆ ಕೂರುತ್ತದೆ, ಹಳದಿ.
ಹೊರಗೆ ಹೊಲದ ತೊಗರಿ ಈಗಷ್ಟೇ ಹೂವು, ಅದೂ ಹಳದಿ.
ನಡುವೆ ಒಂದು ತಗಡಿನ ಗೋಡೆ.
ರೈತರ ಮಾಲು ತೂಗುವ ಕಾಟಾದ ಮೇಲೆ ಐವತ್ತು ಕಿಲೋ ಇಟ್ಟೆ.
ನಲವತ್ತೊಂಬತ್ತು, ಏಳುನೂರು ಅಂದಿತು.
'ಮಷೀನಿಗೆ ನೆಗಡಿ ಆಗ್ಯದ್ರಿ ಸಾಹೇಬರ, ಚಾ ತಗೋರಿ.'
ಚಾ ಕುಡಿದೆ. ದಂಡವನ್ನೂ ಬರೆದೆ.
ರಸೀದಿ ಹರಿದ ಸದ್ದಿಗೆ
ಹಮಾಲರ ಬೆನ್ನುಗಳು ಗಳಿಗೆ ನೆಟ್ಟಗಾಗಿ
ಮತ್ತೆ ಬಾಗಿದವು.

ಕಲಬುರಗಿ ಬಸ್ಸು ಹೋಗಿಬಿಟ್ಟಿತ್ತು.
'ಅಡವಿ ನೋಡೀರೇನ್ರಿ?' ಅಂದ ಮಸ್ತಾನಸಾಬ,
ಅರಣ್ಯದ ವಾಚರ್, ಅರ್ಧ ಬೀಡಿ ಕಿವಿಯ ಮೇಲೆ.
ಹದಿನೈದು ವರ್ಷದಿಂದ ಬರುತ್ತಿದ್ದೇನೆ, ನೋಡಿಲ್ಲ.
ಆ ಕಡೆಯಿಂದ ನಮ್ಮ ಇಲಾಖೆಗೆ
ಒಂದು ದೂರೂ ಬಂದದ್ದಿಲ್ಲ.

ಅವನ ಗಾಡಿಯ ಹಿಂದೆ ಕೂತೆ, ತೊಡೆಯ ಮೇಲೆ ಚೀಲ.
ಚಂದ್ರಂಪಳ್ಳಿಯ ನೀರು ದಾಟಿ ಹತ್ತುತ್ತ ಹತ್ತುತ್ತ
ಕರಿ ಎರೆ ಎಲ್ಲಿ ಮುಗಿಯಿತೋ ತಿಳಿಯಲಿಲ್ಲ,
ನೆಲ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು.
ತೇಗದ ಎಲೆ ಒಣಗಿ ಬೀಳುವಾಗ
ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಎಳೆದ ಸದ್ದು.
ಮಸ್ತಾನಸಾಬ ಗಾಡಿ ನಿಲ್ಲಿಸಿದ. ಹಳ್ಳದ ಹಸಿ ಮರಳಿನಲ್ಲಿ ಹೆಜ್ಜೆ.
'ತ್ವಾಳ. ರಾತ್ರೀದು. ಹೆಣ್ಣದ, ಹೊಟ್ಟಿಲೆ ಅದ.'
ಹೇಗೆ ಗೊತ್ತು?
'ಹಿಂದಿನ ಕಾಲು ಒತ್ತಿ ಇಟ್ಟದ ನೋಡ್ರಿ.'
ಬಗ್ಗಿ ನೋಡಿದೆ. ಉಗುರಿನಷ್ಟು ಆಳ ಹೆಚ್ಚು, ಅಷ್ಟೂ ಇಲ್ಲ.
ಒಟ್ಟು ಎಷ್ಟು ತೋಳ ಇದ್ದಾವು ಇಲ್ಲಿ?
'ಆಫೀಸಿಗೆ ಬರದ ಕೊಡೋದು ಬ್ಯಾರೆ, ಇರೋದು ಬ್ಯಾರೆ'
ಎಂದು ಬೀಡಿ ಹಚ್ಚಿಕೊಳ್ಳದೆ ಮತ್ತೆ ಕಿವಿಗಿಟ್ಟ.
ನನ್ನ ಕೈ ತನ್ನಷ್ಟಕ್ಕೆ ಚೀಲದೊಳಗೆ ಹೋಗಿ
ತಣ್ಣಗಿನ ಹಿತ್ತಾಳೆ ಮುಟ್ಟಿ, ಹಾಗೇ ಹೊರಗೆ ಬಂತು.

ಇಳಿಯುವಾಗ ತಾಂಡಾದ ತಿರುವಿನಲ್ಲಿ
ಘಮಲಿಬಾಯಿ ಸೀತಾಫಲದ ಗುಡ್ಡೆ ಹಾಕಿ ಕೂತಿದ್ದಳು.
ಗುಡ್ಡೆಗೆ ಐದು, ಇಪ್ಪತ್ತು ರೂಪಾಯಿ. ತಕ್ಕಡಿ ಇಲ್ಲ.
ಇಲ್ಲದ ತಕ್ಕಡಿಗೆ ಎಲ್ಲಿ ಮೊಹರು ಹೊಡೆಯಲಿ?
ಐದು ಹಣ್ಣು ಚೀಲಕ್ಕೆ ಸುರಿದಳು, ಕಲ್ಲುಗಳ ಮೇಲೆಯೇ.
ನನ್ನ ಮುಖ ನೋಡಿ ಇನ್ನೊಂದು ಹಾಕಿದಳು.
ಸುಮ್ಮನಿದ್ದೆ. ಮತ್ತೊಂದು, ಒಂದು ಮಗ್ಗಲು ಹಕ್ಕಿ ಕುಕ್ಕಿದ್ದು.
'ಏಳಾದವು' ಅಂದೆ, ಮಿಲ್ಲಿನಲ್ಲಿ ಅನ್ನುವ ದನಿಯಲ್ಲಿ.
'ಎಣಿಸಬ್ಯಾಡೋ ಯಪ್ಪಾ, ಕೊಸರದು.
ಒಂದು ನಿನಗ. ಒಂದು ಹಕ್ಕೀದು,
ತನ್ನ ಪಾಲು ತಿಂದು ಹೋಗ್ಯದ, ಉಳದದ್ದು ಒಯ್ಯಿ.'

ರಾತ್ರಿ ಲಾಡ್ಜಿನಲ್ಲಿ ಕರೆಂಟು ಹೋಗಿತ್ತು.
ಮೊಬೈಲಿನ ಬೆಳಕಿನಲ್ಲಿ ವರದಿ ಬರೆಯಲು ಕೂತೆ.
ನಮ್ಮ ಫಾರಮಿನಲ್ಲಿ 'ಕಡಿಮೆ'ಗೆ ಒಂದು ಕಾಲಂ,
'ಹೆಚ್ಚು'ಗೂ ಒಂದು. ಇಷ್ಟು ವರ್ಷ ಆ ಎರಡನೆಯದರಲ್ಲಿ
ಅಡ್ಡಗೆರೆ ಬಿಟ್ಟು ಬೇರೇನೂ ಬರೆದವನಲ್ಲ.
ಇವತ್ತೂ ಎಳೆದೆ.
ಬೆರಳಿಗೆ ಹಣ್ಣಿನ ಅಂಟು, ಕಾಗದ ಕೈಯೊಂದಿಗೇ ಎದ್ದು ಬಂತು.

ತಟ್ಟೆಯಲ್ಲಿ ಕರಿ ಬೀಜ. ಎಣಿಸಲಿಲ್ಲ.
ಕಿಟಕಿ ತೆರೆದೇ ಇತ್ತು.
ಸಂಜೆಯಿಂದ ಬೊಗಳುತ್ತಿದ್ದ ಊರ ನಾಯಿಗಳು
ಒಮ್ಮೆಗೇ ಎಲ್ಲ ಸುಮ್ಮನಾದವು.